ವೈದ್ಯಕೀಯ ಕಾಲೇಜಿನ ರೇಡಿಯಾಲಜಿ ವಿಭಾಗಕ್ಕೆ ಸಿಬ್ಬಂದಿ: ಮೊದಲು ನಿಮಿಷ ಎಣಿಸಿ, ಆಮೇಲೆ ಹುದ್ದೆಗೆ ಅರ್ಜಿ ಕರೆಯಿರಿ

ಅಧಿಸೂಚನೆ ಹೊರಡುತ್ತದೆ, ವಾಕ್‌-ಇನ್ ಸಂದರ್ಶನಕ್ಕೆ ಇಬ್ಬರು ಬರುತ್ತಾರೆ, ಒಬ್ಬರು ಸೇರುತ್ತಾರೆ, ಆರು ತಿಂಗಳು ತುಂಬುವ ಮೊದಲೇ ಅವರ ರಾಜೀನಾಮೆ ಪತ್ರ ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿರುತ್ತದೆ. ಮಲೆನಾಡಿನ ಬೋಧಕ ಆಸ್ಪತ್ರೆಗಳಲ್ಲಿ ರೇಡಿಯಾಲಜಿ ವಿಭಾಗ ನಡೆಸುವ ಸಹೋದ್ಯೋಗಿಗಳು ನನ್ನ ಬಳಿ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಇದನ್ನೇ. ಸಂಬಳ ಸಾಲದು, ಬೆಂಗಳೂರು ದೂರ ಎಂಬ ಎರಡು ಕಾರಣಗಳನ್ನು ಎಲ್ಲರೂ ಕೊಡುತ್ತಾರೆ. ಎರಡೂ ನಿಜ. ಆದರೆ ಸೇರಿ ಆರೇ ತಿಂಗಳಲ್ಲಿ ಬಿಟ್ಟು ಹೋದವರಿಗೆ ಸೇರುವ ದಿನವೇ ಸಂಬಳವೂ ಗೊತ್ತಿತ್ತು, ದೂರವೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಕೆಲಸದ ಅಳತೆ. ಅದು ಅವರನ್ನು ನೇಮಿಸಿಕೊಂಡವರಿಗೂ ಗೊತ್ತಿರಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಬೇಕು. ಬಹುತೇಕ ವಿಭಾಗಗಳು ಏಳನೆಯ ಹಂತದಿಂದ, ಅಂದರೆ ಅಧಿಸೂಚನೆಯಿಂದ, ಶುರುಮಾಡುತ್ತವೆ.

ಮೊದಲೇ ಕೈಗೆ ತೆಗೆದುಕೊಳ್ಳಬೇಕಾದವು

ಕಳೆದ ಹನ್ನೆರಡು ತಿಂಗಳ ಪರೀಕ್ಷೆಗಳ ರಿಜಿಸ್ಟರ್ ಅಥವಾ ಪ್ಯಾಕ್ಸ್ ವ್ಯವಸ್ಥೆಯಿಂದ (ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ವ್ಯವಸ್ಥೆ) ತೆಗೆದ ಪಟ್ಟಿ, ಡ್ಯೂಟಿ ರೋಸ್ಟರ್‌ಗಳು, ರಜೆಯ ದಾಖಲೆ, ಎಂಬಿಬಿಎಸ್ ಮತ್ತು ಪಿ.ಜಿ. (ಸ್ನಾತಕೋತ್ತರ) ತರಗತಿಗಳ ವೇಳಾಪಟ್ಟಿ, ಮಂಜೂರಾದ ಹುದ್ದೆಗಳ ಆದೇಶ, ಒಂದು ಸ್ಪ್ರೆಡ್‌ಶೀಟ್, ಒಂದು ಗಡಿಯಾರ. ಇವುಗಳ ಜೊತೆಗೆ ಎರಡು ವಾರ ಪ್ರಾಮಾಣಿಕವಾಗಿ ಬರೆದಿಡುವ ಒಬ್ಬರು ಬೇಕು. ಈ ಕೆಲಸವನ್ನು ಮೊದಲ ವರ್ಷದ ಪಿ.ಜಿ. ವಿದ್ಯಾರ್ಥಿಯ ಹೆಗಲಿಗೆ ಹಾಕಬೇಡಿ. ಅವರು ಮುಖ್ಯಸ್ಥರಿಗೆ ಹಿಡಿಸುವಂಥ ಅಂಕಿಗಳನ್ನು ಬರೆದುಬಿಡುವ ಸಂಭವವೇ ಹೆಚ್ಚು.

ಹಂತ 1: ಎರಡು ಋತುಗಳಲ್ಲಿ ಒಂದೊಂದು ವಾರ ಎಣಿಸಿ

ಮಲೆನಾಡಿನಲ್ಲಿ ಒಂದೇ ವಾರದ ಎಣಿಕೆಯನ್ನು ನಂಬಿ ವರ್ಷದ ಲೆಕ್ಕ ಹಾಕಲಾಗದು. ಮಳೆಗಾಲದಲ್ಲಿ ಡೆಂಗಿ ಜ್ವರದವರ ಹೊಟ್ಟೆ ಮತ್ತು ಎದೆಯ ಅಲ್ಟ್ರಾಸೌಂಡ್ ಕೋರಿಕೆಗಳು ಒಂದರ ಮೇಲೊಂದು ಬರುತ್ತವೆ. ಅದೇ ಹೊತ್ತಿಗೆ ಅಡಿಕೆಯ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯಲೆಂದು ಮರವೇರಿ ಜಾರಿ ಬಿದ್ದವರು ಬರುತ್ತಾರೆ. ಮಳೆ ಮುಗಿದು ಅಡಿಕೆ ಗೊನೆಗಳ ಕೊಯ್ಲು ಶುರುವಾದಾಗ ಅಡಿಕೆ ಮರದಿಂದ ಬಿದ್ದವರ ಇನ್ನೊಂದು ಸರದಿ. ಆದ್ದರಿಂದ ಜುಲೈ–ಆಗಸ್ಟ್‌ನಲ್ಲಿ ಒಂದು ವಾರ, ಬೇಸಿಗೆಯಲ್ಲಿ ಒಂದು ವಾರ ಎಣಿಸಿ, ನಡುವಿನ ತಿಂಗಳುಗಳನ್ನು ರಿಜಿಸ್ಟರ್‌ನಿಂದ ತುಂಬಿಕೊಳ್ಳಿ.

ರೋಗಿಗಳನ್ನು ಎಣಿಸಬಾರದು, ಪರೀಕ್ಷೆಗಳನ್ನು ಎಣಿಸಬೇಕು. ತೀರ್ಥಹಳ್ಳಿ ಕಡೆಯಿಂದ ರಾತ್ರಿ ಆಂಬುಲೆನ್ಸ್‌ನಲ್ಲಿ ಬಂದ, ಮರದಿಂದ ಬಿದ್ದ ಒಬ್ಬ ಕೂಲಿಕಾರನಿಗೆ ತಲೆ, ಕುತ್ತಿಗೆಯ ಬೆನ್ನುಮೂಳೆ, ಎದೆ, ಹೊಟ್ಟೆ ಎಲ್ಲಕ್ಕೂ ಸಿ.ಟಿ. ಆಗುತ್ತದೆ. ಸಿ.ಟಿ. ಕೊಠಡಿಯ ರಿಜಿಸ್ಟರ್‌ನಲ್ಲಿ ಅವನು ಒಂದು ಸಾಲು. ಅದನ್ನು ಓದುವ, ಪಿ.ಜಿ. ಮುಗಿಸಿದ ಕಿರಿಯ ವೈದ್ಯರಾದ ಸೀನಿಯರ್ ರೆಸಿಡೆಂಟ್‌ಗೆ ಅದು ಮುಕ್ಕಾಲು ಗಂಟೆಯ ಕೆಲಸ, ನಡುನಡುವೆ ಕ್ಯಾಶುವಾಲ್ಟಿಯಿಂದ ಬರುವ ದೂರವಾಣಿ ಕರೆಗಳು ಬೇರೆ.

ಎಣಿಕೆಯ ವಾರದಲ್ಲಿ ಅಡಚಣೆಗಳನ್ನೂ ಬರೆದುಕೊಳ್ಳಿ. ನಾನು ಒಂದು ಆಗಸ್ಟ್ ಬೆಳಿಗ್ಗೆ ಅಲ್ಟ್ರಾಸೌಂಡ್ ಕೊಠಡಿಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಹೊಸನಗರ ಕಡೆಯ ಮೊದಲ ಬಸ್ಸಿಗೆ ಬಂದ ಗರ್ಭಿಣಿಯೊಬ್ಬರ ಸ್ಕ್ಯಾನ್‌ಗೆ ಹನ್ನೊಂದು ನಿಮಿಷ ಹಿಡಿಯಿತು. ಅದಕ್ಕೆ ಲಿಂಗಪತ್ತೆ ತಡೆ ಕಾಯ್ದೆ ಕೇಳುವ ‘ಎಫ್’ ನಮೂನೆ, ಗುರುತಿನ ಚೀಟಿ, ಘೋಷಣೆಯ ಸಹಿ, ಇವಕ್ಕೆ ಇನ್ನೂ ಆರು ನಿಮಿಷ. ಆ ಹದಿನೇಳು ನಿಮಿಷದಲ್ಲಿ ವೈದ್ಯೆ ಮೂರು ಬಾರಿ ಪ್ರೋಬ್ (ಮೈಮೇಲಿಟ್ಟು ಸ್ಕ್ಯಾನ್ ಮಾಡುವ ಉಪಕರಣ) ಕೆಳಗಿಟ್ಟರು: ಒಮ್ಮೆ ವಾರ್ಡಿನ ಕರೆಗೆ, ಒಮ್ಮೆ ಪಿ.ಜಿ. ವಿದ್ಯಾರ್ಥಿಯ ಪ್ರಶ್ನೆಗೆ, ಒಮ್ಮೆ ಕರೆಂಟ್ ಹೋಗಿ ಯಂತ್ರ ಮತ್ತೆ ಚಾಲೂ ಆಗುವವರೆಗೆ. ತಿಂಗಳ ಕೊನೆಯ ವರದಿಯಲ್ಲಿ ಇದಷ್ಟೂ ಸೇರಿ ‘1’ ಎಂಬ ಒಂದು ಅಂಕಿಯಾಯಿತು.

ಹಂತ 2: ಪರೀಕ್ಷೆಗಳನ್ನು ನಿಮಿಷಕ್ಕೆ ಇಳಿಸಿ

ಒಂದು ಎಕ್ಸ್‌ರೇ ಮತ್ತು ಒಂದು ಎಂ.ಆರ್‌.ಐ. ಎರಡನ್ನೂ ತಲಾ ಒಂದೆಂದು ಕೂಡಿಸಿ ‘ವರ್ಷಕ್ಕೆ ಇಷ್ಟು ಸಾವಿರ ಪರೀಕ್ಷೆ’ ಎಂದು ಆಡಳಿತ ಮಂಡಳಿಯ ಮುಂದೆ ಇಡುವುದು ಎಲ್ಲ ಕಡೆಯೂ ಕಾಣುವ ತಪ್ಪು. ಅಮೆರಿಕದ ಮೆಡಿಕೇರ್ ವ್ಯವಸ್ಥೆ 1992ರಿಂದ ವೈದ್ಯರ ಕೆಲಸವನ್ನು ತೂಕದ ಅಂಕಗಳಲ್ಲಿ ಅಳೆಯುತ್ತಿದೆ. ಅಲ್ಲಿ ಎದೆಯ ಒಂದು ಎಕ್ಸ್‌ರೇ ಓದುವುದಕ್ಕೆ ಬಹುಕಾಲ 0.18 ಅಂಕವಿತ್ತು, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧ) ಇಲ್ಲದ ಮೆದುಳಿನ ಎಂ.ಆರ್‌.ಐ.ಗೆ 1.48, ಅಂದರೆ ಎಂಟು ಪಟ್ಟಿಗೂ ಹೆಚ್ಚು ವ್ಯತ್ಯಾಸ.

ತತ್ವ ಸರಿ. ಆದರೆ ಆ ಅಂಕಗಳನ್ನು ಹಾಗೆಯೇ ಎತ್ತಿಕೊಂಡು ಬರಬೇಡಿ. ಅಲ್ಲಿ ಅಲ್ಟ್ರಾಸೌಂಡ್ ಮಾಡುವವರು ಸಾಮಾನ್ಯವಾಗಿ ತರಬೇತಿ ಪಡೆದ ಸೋನೋಗ್ರಾಫರ್‌ಗಳು, ವೈದ್ಯರು ಚಿತ್ರಗಳನ್ನು ಓದುತ್ತಾರೆ. ನಮ್ಮಲ್ಲಿ ಪ್ರೋಬ್ ಹಿಡಿಯುವವರೇ ವೈದ್ಯರು. ಆ ಅಂಕಗಳ ಪ್ರಕಾರ ಲೆಕ್ಕ ಹಾಕಿದರೆ ನಮ್ಮ ವಿಭಾಗಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವ ಕೆಲಸವೇ ಹಗುರವಾಗಿ ಕಾಣುತ್ತದೆ. ಪಾಠ ಹೇಳುವ ಹೊತ್ತಂತೂ ಆ ಅಂಕಗಳಲ್ಲಿ ಇಲ್ಲವೇ ಇಲ್ಲ.

ನಿಮ್ಮದೇ ಗಡಿಯಾರದ ಸರಾಸರಿಯನ್ನು ಬಳಸಿ. ಒಂದು ಕಾಲ್ಪನಿಕ ವಿಭಾಗವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ದಿನಕ್ಕೆ 180 ಎಕ್ಸ್‌ರೇ, ತಲಾ 2 ನಿಮಿಷ, ಒಟ್ಟು 360. ಅಲ್ಟ್ರಾಸೌಂಡ್ 70, ತಲಾ 12 ನಿಮಿಷ, 840. ಸಿ.ಟಿ. 30, ತಲಾ 15 ನಿಮಿಷ, 450. ಎಂ.ಆರ್‌.ಐ. 10, ತಲಾ 20 ನಿಮಿಷ, 200. ಬಯಾಪ್ಸಿಯಂತಹ ಪ್ರಕ್ರಿಯೆಗಳು 3, ತಲಾ 30 ನಿಮಿಷ, 90. ಎಲ್ಲ ಸೇರಿ 1940 ನಿಮಿಷ. ಅಡಚಣೆಗಳಿಗೆ ಶೇ 15 ಸೇರಿಸಿದರೆ ಸುಮಾರು 2231 ನಿಮಿಷ. ಈ ಅಂಕಿಯನ್ನು ಹಾಗೆಯೇ ಇಟ್ಟುಕೊಂಡು ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಒಬ್ಬರಿಂದ ನಿಜವಾಗಿ ಸಿಗುವ ಸಮಯ ಎಷ್ಟು?

ಇಲ್ಲಿಯೇ ಲೆಕ್ಕ ತಪ್ಪುವುದು. ಬೆಳಿಗ್ಗೆ 9ರಿಂದ ಸಂಜೆ 4, ಊಟಕ್ಕೆ ಅರ್ಧ ಗಂಟೆ ಕಳೆದರೆ 390 ನಿಮಿಷ; 1940ನ್ನು 390ರಿಂದ ಭಾಗಿಸಿದರೆ ಐದು ಜನ ಸಾಕು ಎಂದು ಕಡತದಲ್ಲಿ ಬರೆಯಲಾಗುತ್ತದೆ.

ಬೋಧಕ ಆಸ್ಪತ್ರೆಯ ವೈದ್ಯರ ವಾರ ಹಾಗಿರುವುದಿಲ್ಲ. ವಾರಕ್ಕೆ ಆರು ದಿನ ಎಂದರೆ 39 ಗಂಟೆ. ಅದರಲ್ಲಿ ತರಗತಿ, ಸೆಮಿನಾರ್, ಫಿಲ್ಮ್ ಚರ್ಚೆಗೆ 6 ಗಂಟೆ, ಬೇರೆ ವಿಭಾಗಗಳೊಂದಿಗಿನ ಜಂಟಿ ಸಭೆಗಳಿಗೆ 2, ದಾಖಲೆ ಮತ್ತು ಆಡಳಿತಕ್ಕೆ 2, ಪ್ರಬಂಧ ಮಾರ್ಗದರ್ಶನ ಹಾಗೂ ಸಂಶೋಧನೆಗೆ 3 ಗಂಟೆ ಇಟ್ಟುಕೊಳ್ಳಿ. ಇದು ಧಾರಾಳದ ಲೆಕ್ಕವೇನೂ ಅಲ್ಲ. ಉಳಿದದ್ದು 26 ಗಂಟೆ, ದಿನಕ್ಕೆ 260 ನಿಮಿಷ. ವರ್ಷದ ಸುಮಾರು 300 ಕೆಲಸದ ದಿನಗಳಲ್ಲಿ ರಜೆ, ಪರೀಕ್ಷಕರ ಕರ್ತವ್ಯ, ಸಮ್ಮೇಳನ ಎಲ್ಲ ಸೇರಿ 45 ದಿನ ಹೋದರೆ ಕೈಯಲ್ಲಿ ಉಳಿಯುವುದು ಶೇ 85, ಅಂದರೆ ದಿನಕ್ಕೆ 221 ನಿಮಿಷ. 2231ನ್ನು 221ರಿಂದ ಭಾಗಿಸಿ: ಹತ್ತು ಜನ.

ಐದಕ್ಕೂ ಹತ್ತಕ್ಕೂ ನಡುವಿನ ಈ ಅಂತರವನ್ನು ಈಗ ಯಾರೋ ತಮ್ಮ ಮೈಯಿಂದ ತುಂಬುತ್ತಿದ್ದಾರೆ ಎಂಬುದನ್ನು ಡೀನ್ ಅವರಿಗೆ ಇದೇ ಲೆಕ್ಕದ ಹಾಳೆಯೊಂದಿಗೆ ತೋರಿಸಿ. ಸಾಮಾನ್ಯವಾಗಿ ಮೊದಲು ಕಣ್ಮರೆಯಾಗುವುದು ಪಾಠ, ನಂತರ ಸಂಶೋಧನೆ, ಕೊನೆಗೆ ಎಕ್ಸ್‌ರೇಗಳು ವರದಿಯಿಲ್ಲದೆ ವಾರ್ಡಿಗೆ ಹೋಗತೊಡಗುತ್ತವೆ. ಪಾಠವನ್ನು ‘ಸಮಯ ಸಿಕ್ಕಾಗ’ ಮಾಡುವ ಕೆಲಸವೆಂದು ಭಾವಿಸಿದ ವಿಭಾಗ ಕಾಲೇಜಿನ ವಿಭಾಗವಾಗಿ ಉಳಿಯುವುದಿಲ್ಲ, ಬರೀ ಸ್ಕ್ಯಾನಿಂಗ್ ಕೇಂದ್ರವಾಗುತ್ತದೆ. ಹೀಗಾಗಿ ಆ 13 ಗಂಟೆಗಳನ್ನು ಲೆಕ್ಕದಿಂದ ತೆಗೆಯಲು ಯಾರೇ ಒತ್ತಾಯಿಸಿದರೂ ಒಪ್ಪಬೇಡಿ.

ರಾತ್ರಿ ಪಾಳಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ರಾತ್ರಿ ಕೆಲಸ ಮಾಡಿದವರಿಗೆ ಮರುದಿನ ಬಿಡುವು ಕೊಡಲೇಬೇಕಾದ್ದರಿಂದ, ಒಂದು ರಾತ್ರಿಗೆ ಒಂದು ಹಗಲನ್ನೂ ಕಳೆಯಬೇಕು. ರೆಸಿಡೆಂಟ್‌ಗಳಿಗೆ ಒಮ್ಮೆಗೆ 12 ಗಂಟೆ, ವಾರಕ್ಕೆ 48 ಗಂಟೆ ಎಂದು ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ನಿರ್ದೇಶನದಲ್ಲಿಯೇ ಇದೆ.

ಹಂತ 4: ಪಿ.ಜಿ. ವಿದ್ಯಾರ್ಥಿಗಳನ್ನು ಸಿಬ್ಬಂದಿಯೆಂದು ಎಣಿಸಬೇಡಿ

‘ನಮ್ಮಲ್ಲಿ ಪಿ.ಜಿ.ಗಳಿದ್ದಾರಲ್ಲ’ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಮೊದಲ ವರ್ಷದವರು ಬರೆದ ಸಿ.ಟಿ. ವರದಿಯನ್ನು ತಿದ್ದಿ, ಏಕೆ ತಿದ್ದಿದ್ದೆಂದು ವಿವರಿಸಲು ಸ್ವತಃ ಓದುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಮೂರನೆಯ ವರ್ಷದವರಿಂದ ನಿಜಕ್ಕೂ ಸಮಯ ಉಳಿಯುತ್ತದೆ, ಆದರೆ ಪರೀಕ್ಷೆಯ ತಿಂಗಳುಗಳಲ್ಲಿ ಅವರು ಸಿಗುವುದಿಲ್ಲ. ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದಲ್ಲಿ ಪ್ರತಿಯೊಬ್ಬರೂ ಮೂರು ತಿಂಗಳು ವಿಭಾಗದ ಹೊರಗಿರುತ್ತಾರೆ. ಇದು ಮೂರು, ನಾಲ್ಕು ಅಥವಾ ಐದನೆಯ ಸೆಮಿಸ್ಟರ್‌ನಲ್ಲಿ, ಅಂದರೆ ಅವರ ಕೈ ಪಳಗುವ ಹೊತ್ತಿಗೇ ಬರುತ್ತದೆ. ಮೂರು ವರ್ಷಗಳ ಲಾಭ–ನಷ್ಟ ಕೂಡಿ ಕಳೆದು ಲೆಕ್ಕದಲ್ಲಿ ಸೊನ್ನೆ ಎಂದು ಹಿಡಿಯುವುದೇ ಕ್ಷೇಮ.

ಹಂತ 5: ಕೊರತೆ ನಿಜವಾಗಿ ಯಾರದು?

ರೇಡಿಯಾಲಜಿಸ್ಟ್ ಇಲ್ಲ ಎಂದು ಕೂಗುವ ಮೊದಲು ಇರುವ ರೇಡಿಯಾಲಜಿಸ್ಟ್‌ಗಳ ಹೊತ್ತು ಎಲ್ಲಿ ಸೋರುತ್ತಿದೆ ಎಂದು ಎಣಿಕೆಯ ಹಾಳೆಯಲ್ಲಿ ನೋಡಿ. ನಮೂನೆ ತುಂಬಲು ಸಹಾಯ ಮಾಡುವ, ವರದಿ ಟೈಪ್ ಮಾಡುವ ಒಬ್ಬ ಡೇಟಾ ಎಂಟ್ರಿ ಆಪರೇಟರ್, ಕಾಂಟ್ರಾಸ್ಟ್ ಕೊಡುವಾಗ ಜೊತೆಗಿರುವ ಒಬ್ಬ ನರ್ಸ್, ದೂರವಾಣಿ ಎತ್ತುವ ಒಬ್ಬ ಸಹಾಯಕ, ಈ ಮೂವರು ಸೇರಿದರೆ ಒಬ್ಬ ತಜ್ಞರ ಅರ್ಧ ದಿನ ಮರಳಿ ಸಿಗುವುದನ್ನು ನಾನು ಕಂಡಿದ್ದೇನೆ. ‘ಎಫ್’ ನಮೂನೆಯ ಘೋಷಣೆ ಮತ್ತು ಸಹಿಯ ಹೊಣೆ ಮಾತ್ರ ಸ್ಕ್ಯಾನ್ ಮಾಡಿದ ವೈದ್ಯರದೇ.

ಟೆಕ್ನಾಲಜಿಸ್ಟ್‌ಗಳ ಲೆಕ್ಕ ಸರಳವಾಗಿದ್ದರೂ ಎಲ್ಲರೂ ತಪ್ಪುತ್ತಾರೆ. ದಿನದ 24 ಗಂಟೆಯೂ ತೆರೆದಿರುವ ಒಂದು ಸಿ.ಟಿ. ಕೊಠಡಿಗೆ ವಾರಕ್ಕೆ 168 ಗಂಟೆ ಬೇಕು. ಒಬ್ಬರಿಗೆ 48 ಗಂಟೆಯಂತೆ ಮೂರೂವರೆ ಜನ, ರಜೆಯ ಲೆಕ್ಕ ಸೇರಿಸಿದರೆ ನಾಲ್ಕಕ್ಕೂ ಮೇಲೆ. ‘ಮೂರು ಪಾಳಿ, ಮೂವರು ಸಾಕು’ ಎಂದ ಕಡೆ ಯಾರಾದರೂ ಒಬ್ಬರು ಜ್ವರ ಬಂದು ಮಲಗಿದ ದಿನ ಇನ್ನೊಬ್ಬರು ಹದಿನಾರು ಗಂಟೆ ನಿಲ್ಲುತ್ತಾರೆ.

ಹಂತ 6: ಹುದ್ದೆಯ ವಿವರವನ್ನು ಒಂದು ಪುಟದಲ್ಲಿ ಬರೆಯಿರಿ

ಈ ಒಂದು ಪುಟವೇ ಇಡೀ ಪ್ರಕ್ರಿಯೆಯ ತಿರುಳು, ಮತ್ತು ಬಹುತೇಕರು ಬರೆಯದೇ ಬಿಡುವುದೂ ಇದನ್ನೇ. ದಿನಕ್ಕೆ ಸರಾಸರಿ ಎಷ್ಟು ಅಲ್ಟ್ರಾಸೌಂಡ್, ಎಷ್ಟು ಸಿ.ಟಿ., ಎಷ್ಟು ಎಂ.ಆರ್‌.ಐ. ಅವರ ಪಾಲಿಗೆ ಬರುತ್ತವೆ. ತಿಂಗಳಿಗೆ ಎಷ್ಟು ರಾತ್ರಿ. ಮರುದಿನ ಬಿಡುವು ಉಂಟೇ. ವಾರದಲ್ಲಿ ಯಾವ ಅರ್ಧ ದಿನ ಪಾಠಕ್ಕೆ ಮತ್ತು ಸಂಶೋಧನೆಗೆ ಮೀಸಲು. ಆ ಅರ್ಧ ದಿನ ಅವರ ಜಾಗದಲ್ಲಿ ಯಾರು ಕೂರುತ್ತಾರೆ. ವಸತಿಗೃಹ ಇದೆಯೇ, ಇದ್ದರೆ ಈಗ ಖಾಲಿ ಇದೆಯೇ. ಇಷ್ಟನ್ನು ಅಂಕಿಗಳಲ್ಲಿ ಬರೆಯಬೇಕು. ‘ವಿಭಾಗದ ಅಗತ್ಯಕ್ಕೆ ಅನುಗುಣವಾಗಿ’ ಎಂಬ ಒಂದು ಪದಗುಚ್ಛ ಇಡೀ ಪುಟದ ನಂಬಿಕೆಯನ್ನು ಕೆಡಿಸುತ್ತದೆ.

ಹೊರೆ ಹೆಚ್ಚಿದೆ ಎಂದು ಬರೆದರೆ ಯಾರೂ ಬರುವುದಿಲ್ಲ ಎಂಬ ಅಂಜಿಕೆ ಸಹಜ. ಆದರೆ ತಿಂಗಳಿಗೆ ಎಂಟು ರಾತ್ರಿ ಎಂದು ತಿಳಿದೇ ಬಂದವರು ಎಂಟು ರಾತ್ರಿ ಮಾಡುತ್ತಾರೆ. ನಾಲ್ಕು ಎಂದು ಕೇಳಿ ಬಂದು ಎಂಟು ಮಾಡಬೇಕಾದವರು ಉಳಿಯುವುದಿಲ್ಲ.

ಮಲೆನಾಡಿಗೆ ಬರುವವರು ಕೇಳುವ ಇನ್ನೊಂದು ಪ್ರಶ್ನೆ ಸಂಗಾತಿಯ ಕೆಲಸದ್ದು. ಅವರೂ ವೈದ್ಯರಾಗಿದ್ದರೆ ಅರಿವಳಿಕೆ, ಮಕ್ಕಳ ವಿಭಾಗ ಅಥವಾ ಹೆರಿಗೆ ವಿಭಾಗದ ಖಾಲಿ ಹುದ್ದೆಗಳಿಗೂ ಅದೇ ದಿನ ಅರ್ಜಿ ಕರೆಯುವಂತೆ ಡೀನ್ ಕಚೇರಿಯೊಂದಿಗೆ ಮಾತಾಡಿ. ನಾನು ಬಲ್ಲ, ಇಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತ ತಜ್ಞರಲ್ಲಿ ಹೆಚ್ಚಿನವರು ದಂಪತಿಗಳಾಗಿ ಬಂದವರೇ.

ಹಂತ 7: ಅರ್ಹತೆ ಪರಿಶೀಲಿಸಿ, ಅಧಿಸೂಚನೆ ಹೊರಡಿಸಿ

ಮೀಸಲಾತಿ ರೋಸ್ಟರ್ ಬಿಂದುವನ್ನು, ಅಂದರೆ ಹುದ್ದೆ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು, ಆಡಳಿತ ಶಾಖೆಯಿಂದ ಲಿಖಿತವಾಗಿ ದೃಢಪಡಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ; ಇಲ್ಲಿ ತಪ್ಪಿದರೆ ಅಧಿಸೂಚನೆಯನ್ನೇ ಹಿಂಪಡೆಯಬೇಕಾಗುತ್ತದೆ, ಅಷ್ಟರಲ್ಲಿ ಒಂದು ಪಿ.ಜಿ. ತಂಡ ಉತ್ತೀರ್ಣವಾಗಿ ಬೇರೆ ಕಡೆ ಸೇರಿರುತ್ತದೆ.

ಬೋಧಕರ ಅರ್ಹತೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2025ರ ನಿಯಮಾವಳಿಯನ್ನು ನೋಡಿ, ಹಳೆಯ ಅಧಿಸೂಚನೆಯಿಂದ ನಕಲು ಮಾಡಬೇಡಿ. ಹೊಸ ನಿಯಮದಲ್ಲಿ ನಮ್ಮಂಥ ಊರುಗಳಿಗೆ ಉಪಯೋಗವಾಗುವ ಅಂಶವೊಂದಿದೆ: 220ಕ್ಕಿಂತ ಹೆಚ್ಚು ಹಾಸಿಗೆಗಳ, ಬೋಧಕವಲ್ಲದ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ವರ್ಷ ತಜ್ಞರಾಗಿ ದುಡಿದವರು ಸೀನಿಯರ್ ರೆಸಿಡೆನ್ಸಿ ಇಲ್ಲದೆಯೂ ಸಹಾಯಕ ಪ್ರಾಧ್ಯಾಪಕರಾಗಬಹುದು, ಎರಡು ವರ್ಷದೊಳಗೆ ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸ್ ಮುಗಿಸಬೇಕು. ಹತ್ತು ವರ್ಷ ದುಡಿದವರು ಸಹ ಪ್ರಾಧ್ಯಾಪಕ ಹುದ್ದೆಗೆ ಅರ್ಹರು. ಊರನ್ನೂ ರೋಗಿಗಳನ್ನೂ ಬಲ್ಲ ಇಂಥವರನ್ನು ಹುಡುಕಿ, ವೈಯಕ್ತಿಕವಾಗಿ ಪತ್ರ ಬರೆಯಿರಿ.

ಸೀನಿಯರ್ ರೆಸಿಡೆಂಟ್‌ಗಳ ವಿಷಯದಲ್ಲಿ ಒಂದು ಎಚ್ಚರ. ಎಲ್ಲರನ್ನೂ ಒಂದೇ ತಿಂಗಳಲ್ಲಿ ಸೇರಿಸಿಕೊಂಡರೆ ಎಲ್ಲರ ಅವಧಿಯೂ ಒಂದೇ ತಿಂಗಳಲ್ಲಿ ಮುಗಿಯುತ್ತದೆ, ಆ ತಿಂಗಳು ರಾತ್ರಿ ಪಾಳಿ ಮಾಡಲು ಪ್ರಾಧ್ಯಾಪಕರೇ ಉಳಿಯುತ್ತಾರೆ. ಸೇರ್ಪಡೆಯ ದಿನಾಂಕಗಳನ್ನು ಬೇಕೆಂದೇ ಬೇರೆ ಬೇರೆ ತಿಂಗಳಿಗೆ ಹಂಚಿ.

ಹಂತ 8: ಸಂದರ್ಶನ

ಸಂದರ್ಶನದ ಅರ್ಧ ಭಾಗ ವಿಭಾಗದ ಒಳಗೇ ನಡೆಯಲಿ. ಅಭ್ಯರ್ಥಿಯ ಮುಂದೆ ಹತ್ತು ಚಿತ್ರಗಳನ್ನಿಟ್ಟು ಓದಿಸಿ, ಒಬ್ಬ ಪಿ.ಜಿ. ವಿದ್ಯಾರ್ಥಿಗೆ ಒಂದನ್ನು ವಿವರಿಸಲು ಹೇಳಿ. ಆಮೇಲೆ ಅವರನ್ನು ರೀಡಿಂಗ್ ರೂಮ್‌ನಲ್ಲಿ ಅರ್ಧ ಗಂಟೆ ಮುಖ್ಯಸ್ಥರಿಲ್ಲದೆ ಬಿಡಿ. ಕಿರಿಯರು ಹೇಳುವುದನ್ನು ಅವರು ಕೇಳಿಕೊಳ್ಳಲಿ. ಮದುವೆ, ಗರ್ಭಧಾರಣೆ ಕುರಿತು ಮಹಿಳಾ ಅಭ್ಯರ್ಥಿಗಳನ್ನು ಪ್ರಶ್ನಿಸುವ ಕೆಟ್ಟ ರೂಢಿ ಇನ್ನೂ ಕೆಲವೆಡೆ ಇದೆ. ಅದು ಅನ್ಯಾಯ, ಕಾರಣವೂ ಇಲ್ಲ. ಗರ್ಭಿಣಿಯೆಂದು ತಿಳಿಸಿದ ಸಿಬ್ಬಂದಿಯ ವಿಷಯದಲ್ಲಿ ಭ್ರೂಣಕ್ಕೆ ತಗಲುವ ವಿಕಿರಣ 1 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ಮೀರದಂತೆ ನೋಡಿಕೊಳ್ಳಬೇಕು ಎಂಬ ಮಿತಿ ಇದೆ, ಮತ್ತು ಅಲ್ಟ್ರಾಸೌಂಡ್ ಕೊಠಡಿಯಲ್ಲಿ ವಿಕಿರಣದ ಪ್ರಶ್ನೆಯೇ ಇಲ್ಲ.

ಹಂತ 9: ಸೇರುವ ಮೊದಲಿನ ತಿಂಗಳು ಮತ್ತು ಸೇರಿದ ಮೇಲಿನ ತಿಂಗಳು

ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯ್ದೆಯ ಪ್ರಕಾರ ನೋಂದಣಿಯಲ್ಲಿ ಹೆಸರಿಲ್ಲದ ವೈದ್ಯರು ಗರ್ಭಿಣಿಯ ಸ್ಕ್ಯಾನ್ ಮಾಡುವಂತಿಲ್ಲ. ಸಿಬ್ಬಂದಿ ಬದಲಾವಣೆಯನ್ನು 30 ದಿನ ಮೊದಲೇ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು. ಆದ್ದರಿಂದ ನೇಮಕಾತಿ ಪತ್ರ ಕೊಟ್ಟ ದಿನವೇ ಆ ಅರ್ಜಿಯೂ ಹೋಗಲಿ. ಹೊಸಬರು ಸೋಮವಾರ ಸೇರಿದರು, ಹೊರಗೆ ಸಾಲು ಉದ್ದವಿದೆ ಎಂದು ಅಂದೇ ಪ್ರೋಬ್ ಕೊಟ್ಟರೆ ಯಂತ್ರಕ್ಕೆ ಬೀಗಮುದ್ರೆ ಬೀಳಬಹುದು, ಅವರ ವೃತ್ತಿಗೂ ಕಳಂಕ ತಟ್ಟಬಹುದು. ಪ್ರತಿ ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಸೇರಬೇಕು, ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕು. ಈ ಕೆಲಸ ಯಾರದೆಂದು ಹೆಸರು ಬರೆದು ಗೋಡೆಗೆ ಹಚ್ಚಿ.

ಎಕ್ಸ್‌ರೇ, ಸಿ.ಟಿ. ಕೊಠಡಿಗಳಲ್ಲಿ ಕೆಲಸ ಮಾಡುವವರಿಗೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗಲಿದ ವಿಕಿರಣ ಅಳೆಯುವ ಬಿಲ್ಲೆ) ಮೊದಲ ದಿನವೇ ಸಿಗಬೇಕು, ಇನ್ನೊಬ್ಬರ ಬ್ಯಾಡ್ಜ್ ಹಾಕಿಸಬಾರದು. ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ವಿಕಿರಣ ಸುರಕ್ಷತಾ ಅಧಿಕಾರಿಯಾಗಿದ್ದವರೇ ಬಿಟ್ಟು ಹೋದರೆ ಬದಲಿ ನೇಮಕಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆ ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ಮೊದಲ ನಾಲ್ಕು ವಾರ ಹೊಸಬರಿಗೆ ಒಂಟಿ ರಾತ್ರಿ ಪಾಳಿ ಬೇಡ. ಆರನೆಯ ಹಂತದ ಪುಟವನ್ನು ಅವರ ಮುಂದಿಟ್ಟು ಮೂವತ್ತನೆಯ ಮತ್ತು ತೊಂಬತ್ತನೆಯ ದಿನ ಕುಳಿತು ಸಾಲುಸಾಲಾಗಿ ಹೋಲಿಸಿ.

ಎಚ್ಚರಿಕೆಯ ಸೂಚನೆಗಳು

ಕೆಳಗಿನವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಮೊದಲ ಹಂತಕ್ಕೆ ಮರಳಿ. ಫಿಲ್ಮ್ ಚರ್ಚೆ ಸತತ ಎರಡು ವಾರ ರದ್ದಾಗುವುದು. ವರದಿಗಳಲ್ಲಿ ಎಡ–ಬಲ ಅದಲುಬದಲಾಗುವ ತಪ್ಪುಗಳು ಹೆಚ್ಚುವುದು. ಇದು ಅಜ್ಞಾನದ ತಪ್ಪಲ್ಲ, ದಣಿವಿನ ತಪ್ಪು. ರಜೆ ಕೇಳುವುದನ್ನೇ ನಿಲ್ಲಿಸಿದ ಸಹೋದ್ಯೋಗಿ. ಹಿಂದಿನ ದಿನದ ಸಿ.ಟಿ.ಗಳು ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಓದದೆ ಉಳಿದಿರುವುದು. ಬೆಂಗಳೂರಿನ ಟೆಲಿರೇಡಿಯಾಲಜಿಗೆ ರಾತ್ರಿಯ ಚಿತ್ರಗಳನ್ನು ‘ಸದ್ಯಕ್ಕೆ’ ಎಂದು ಕಳಿಸಲು ಶುರುಮಾಡಿ ವರ್ಷ ಕಳೆದಿರುವುದು. ತುರ್ತಿಗೆ ಅದು ನೆರವಾಗುತ್ತದೆ, ಆದರೆ ರಾತ್ರಿಯ ಅಪಘಾತದ ಚಿತ್ರಗಳನ್ನು ಹಿರಿಯರ ಪಕ್ಕದಲ್ಲಿ ಕುಳಿತು ಓದದ ವಿದ್ಯಾರ್ಥಿಗೆ ಆ ಕಲಿಕೆ ಬೇರೆಲ್ಲೂ ಸಿಗುವುದಿಲ್ಲ.

ಯಾರಾದರೂ ಬಿಟ್ಟು ಹೊರಟರೆ ರಾಜೀನಾಮೆ ಅಂಗೀಕರಿಸುವ ಮೊದಲು ಅವರ ಕೊನೆಯ ಮೂರು ತಿಂಗಳ ಡ್ಯೂಟಿ ರೋಸ್ಟರ್ ತೆಗೆದು, ನೇಮಕದ ದಿನ ಕೊಟ್ಟಿದ್ದ ಪುಟದ ಪಕ್ಕದಲ್ಲಿ ಇಡಿ. ಎರಡರ ನಡುವಿನ ವ್ಯತ್ಯಾಸವನ್ನು ನಿಮಿಷಗಳಲ್ಲಿ ಬರೆದು, ಮುಂದಿನ ಅಧಿಸೂಚನೆಯ ಕಡತಕ್ಕೆ ಮೊದಲ ಹಾಳೆಯಾಗಿ ಲಗತ್ತಿಸಿ.